ಎಲೆ ಹದಕ್ಕೆ ಬಂದ ಮೇಲೆಯೇ ಸಿಗಾರ್

ಮನೆಯಲ್ಲಿ ಸಿಗಾರ್ ಸುತ್ತಲು ಕೂತವರು ಮೊದಮೊದಲು ಕೈಚಳಕದ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ಬೆರಳು ಎಲ್ಲಿಡಬೇಕು, ಎಷ್ಟು ಬಿಗಿ ಹಿಡಿಯಬೇಕು, ತಲೆಯ ಮೇಲಿನ ಟೋಪಿ ಹೇಗೆ ಕೂರಿಸಬೇಕು ಎಂಬುದೆಲ್ಲ ಮೂವತ್ತು ನಲವತ್ತು ಸಿಗಾರ್ ಸುತ್ತುವಷ್ಟರಲ್ಲಿ ತಾನಾಗಿ ಕೈಗೆ ಬರುತ್ತದೆ. ವರ್ಷಗಟ್ಟಲೆ ಕಾಡುವುದು ಎಲೆಯ ಹದ. ತೇವ ಹೆಚ್ಚಾದರೆ ಹೊಗೆ ಎಳೆಯಲು ಬರುವುದಿಲ್ಲ, ಕಡಿಮೆಯಾದರೆ ಎಲೆ ಪುಡಿಪುಡಿಯಾಗುತ್ತದೆ. ಒಳಗಿನ ಎಲೆಗೂ ಹೊರಗಿನ ಎಲೆಗೂ ಒಂದೇ ಹದ ಮಾಡಿದರೆ ಅದೂ ಕೆಡುತ್ತದೆ. ಹೋಳಿಗೆಯ ಕಣಕಕ್ಕೆ ಒಂದು ಹದ, ಹೂರಣಕ್ಕೆ ಇನ್ನೊಂದು ಹದ ಇರುವ ಹಾಗೆ ಇಲ್ಲಿ ಮೂರು ಎಲೆಗೆ ಮೂರು ಹದ. ಅದೊಂದು ಗೊತ್ತಾದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಗೊತ್ತಾದ ಹಾಗೆ.

ಶುರುವಿಗೇ ಹೇಳಬೇಕಾದದ್ದು: ಮನೆಯಲ್ಲಿ ಸುತ್ತಿದ ಮಾತ್ರಕ್ಕೆ ಸಿಗಾರ್ ನಿರಪಾಯವಾಗುವುದಿಲ್ಲ. ಬಾಯಿ, ಗಂಟಲು, ಶ್ವಾಸಕೋಶದ ಕ್ಯಾನ್ಸರಿಗೆ ಅಂಗಡಿಯದ್ದೂ ಒಂದೇ, ಮನೆಯದ್ದೂ ಒಂದೇ. ಇನ್ನೊಂದು ಅಪಾಯ ಸುತ್ತುವವರಿಗೇ ವಿಶೇಷ. ಒದ್ದೆ ಎಲೆಯನ್ನು ಗಂಟೆಗಟ್ಟಲೆ ಬರಿಗೈಲಿ ಮುಟ್ಟುತ್ತಿದ್ದರೆ ನಿಕೋಟಿನ್ ಚರ್ಮದ ಮೂಲಕ ಒಳಗೆ ಹೋಗಿ ತಲೆಸುತ್ತು, ವಾಕರಿಕೆ ಬರುತ್ತದೆ. ದಂಟು ಬಿಡಿಸುವಾಗ ತೆಳು ಕೈಗವಸು ಹಾಕಿಕೊಳ್ಳಿ. ಕೆಲಸ ಮುಗಿದ ಮೇಲೆ ಹಲಗೆ, ಕೈ ಎರಡನ್ನೂ ಸೋಪು ಹಾಕಿ ತೊಳೆಯಿರಿ. ಮಕ್ಕಳಿಗೆ, ಸಾಕುಪ್ರಾಣಿಗಳಿಗೆ ಎಲೆಯ ಚೂರು ಸಿಗದಂತೆ ಇಡಿ.

ಸಿಗಾರಿನಲ್ಲಿ ಮೂರು ಭಾಗ: ಒಳಗೆ ಫಿಲ್ಲರ್, ಅದನ್ನು ಹಿಡಿದು ಕಟ್ಟುವ ಬೈಂಡರ್, ಮೇಲೆ ಕಣ್ಣಿಗೆ ಕಾಣುವ ರ‍್ಯಾಪರ್. ಬಾಯಿಗಿಡುವ ತುದಿಗೆ ತಲೆ, ಬೆಂಕಿ ಹಚ್ಚುವ ತುದಿಗೆ ಕಾಲು ಎನ್ನುತ್ತಾರೆ. ದಪ್ಪ ಅಳೆಯುವುದು ರಿಂಗ್ ಗೇಜಿನಲ್ಲಿ, ಒಂದು ರಿಂಗ್ ಎಂದರೆ ಇಂಚಿನ 64ನೇ ಒಂದು ಭಾಗ. ಕಲಿಯುವವರಿಗೆ 5 ಇಂಚು ಉದ್ದ, 50 ರಿಂಗಿನ ರೊಬಸ್ಟೋ ಅಳತೆ ಹೇಳಿಮಾಡಿಸಿದ್ದು. ಅದರ ದಪ್ಪ ಸುಮಾರು 19.8 ಮಿಲಿಮೀಟರ್. 38, 40 ರಿಂಗಿನ ತೆಳು ಸಿಗಾರ್ ನೋಡಲು ಸುಲಭ ಅನ್ನಿಸುತ್ತದೆ, ಆದರೆ ಅದರಲ್ಲಿ ಒಂದು ಎಲೆ ತಿರುಚಿಕೊಂಡರೂ ಗಾಳಿಯ ದಾರಿ ಮುಚ್ಚಿಹೋಗುತ್ತದೆ.

ಎಷ್ಟು ಎಲೆ ಬೇಕು ಎಂಬುದಕ್ಕೆ ಒಂದು ಲೆಕ್ಕ ಇದೆ. ಸರಿಯಾಗಿ ಸುತ್ತಿದ ಸಿಗಾರ್ ಒಂದು ಘನ ಸೆಂಟಿಮೀಟರಿಗೆ ಸುಮಾರು 0.3 ಗ್ರಾಂ ತೂಗುತ್ತದೆ. 5 ಇಂಚು, 50 ರಿಂಗಿನ ಸಿಗಾರಿನ ಗಾತ್ರ ಸುಮಾರು 39 ಘನ ಸೆಂಟಿಮೀಟರ್, ಅಂದರೆ ತೂಕ 12 ಗ್ರಾಂ ಹತ್ತಿರ. ಅದರಲ್ಲಿ ರ‍್ಯಾಪರ್ 1 ಗ್ರಾಂ, ಬೈಂಡರ್ 1.5 ಗ್ರಾಂ, ಉಳಿದ 9.5 ಗ್ರಾಂ ಫಿಲ್ಲರ್. ಬೇರೆ ಅಳತೆಗೂ ಇದೇ ಲೆಕ್ಕ ಹಾಕಿ. 0.1 ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ ಇದ್ದರೆ ಸಾಕು. ಕಣ್ಣಳತೆಯಲ್ಲಿ ತುಂಬುವವರ ಸಿಗಾರ್ ಒಂದು ಕಲ್ಲು, ಇನ್ನೊಂದು ಹತ್ತಿ.

ಯಾವ ಹೊಗೆಸೊಪ್ಪು

ಹುಣಸೂರು, ಪಿರಿಯಾಪಟ್ಟಣದಲ್ಲಿ ಅಷ್ಟೊಂದು ತಂಬಾಕು ಬೆಳೆಯುತ್ತಾರಲ್ಲ, ಅದನ್ನೇ ಸುತ್ತಬಾರದೇ ಎಂದು ನಮ್ಮ ಕಡೆಯವರು ಕೇಳುತ್ತಾರೆ. ಆಗುವುದಿಲ್ಲ, ಅದಕ್ಕೆ ಕಾರಣ ಒಣಗಿಸುವ ರೀತಿಯಲ್ಲಿದೆ. ಅಲ್ಲಿಯದ್ದು ವರ್ಜೀನಿಯಾ ತಂಬಾಕು, ಬ್ಯಾರನ್ ಎಂಬ ಒಣಗಿಸುವ ಮನೆಯಲ್ಲಿ ಬಿಸಿ ಕೊಟ್ಟು ಒಂದು ವಾರದೊಳಗೆ ಒಣಗಿಸಿಬಿಡುತ್ತಾರೆ. ಎಲೆಯ ಪಿಷ್ಟ ಸಕ್ಕರೆಯಾಗುತ್ತದೆ, ಅದು ಖರ್ಚಾಗುವ ಮುಂಚೆಯೇ ಎಲೆ ಒಣಗಿರುತ್ತದೆ. ಒಣ ಎಲೆಯ ತೂಕದಲ್ಲಿ ಶೇಕಡಾ 15-20ರಷ್ಟು ಸಕ್ಕರೆಯೇ ಉಳಿಯುವುದುಂಟು. ಇಂಥ ಎಲೆಯ ಹೊಗೆ ಆಮ್ಲೀಯ, ಸಿಗಾರಿನ ದಪ್ಪಕ್ಕೆ ಸುತ್ತಿ ಸೇದಿದರೆ ನಾಲಗೆ ಸುಡುತ್ತದೆ. ಸಿಗಾರ್ ಎಲೆಯನ್ನು ನೆರಳಿನ ಕೊಟ್ಟಿಗೆಯಲ್ಲಿ ತೂಗುಹಾಕಿ 45ರಿಂದ 60 ದಿನ ಬರೀ ಗಾಳಿಗೆ ಒಣಗಿಸುತ್ತಾರೆ. ಅಷ್ಟು ನಿಧಾನವಾಗಿ ಒಣಗುವ ಎಲೆ ತನ್ನ ಸಕ್ಕರೆಯನ್ನು ತಾನೇ ಉಸಿರಾಡಿ ಮುಗಿಸುತ್ತದೆ. ಆಮೇಲೆ ಅದನ್ನು ದೊಡ್ಡ ರಾಶಿ ಹಾಕಿ ಹುದುಗಿಸುತ್ತಾರೆ. ರಾಶಿಯ ಒಡಲು ಬಿಸಿಯಾಗಿ, ಅಮೋನಿಯಾ ಹೊರಹೋಗಿ, ಎಲೆಯ ಒರಟುತನ ಇಳಿಯುತ್ತದೆ. ಇದರ ಹೊಗೆ ಕ್ಷಾರೀಯ. ಹಾಗಾಗಿಯೇ ಎದೆಗೆ ಎಳೆಯದೆ ಬಾಯಲ್ಲಿಟ್ಟು ಬಿಟ್ಟರೂ ನಿಕೋಟಿನ್ ಬಾಯಿಯ ಒಳಪೊರೆಯಿಂದಲೇ ರಕ್ತ ಸೇರುತ್ತದೆ.

ನಿಪ್ಪಾಣಿಯ ಬೀಡಿ ತಂಬಾಕು ಬಿಸಿಲಲ್ಲಿ ಒಣಗಿಸಿದ್ದು, ದಪ್ಪ, ಖಾರ. ಚೂರು ಮಾಡಿ ಬೀಡಿ ಎಲೆಯೊಳಗೆ ತುಂಬಲು ಅದು ಸರಿ. ಉದ್ದದ ಎಲೆ ಎಲೆಯಾಗಿಯೇ ಉಳಿದು ಗಾಳಿಗೆ ದಾರಿ ಬಿಡಬೇಕಾದ ಸಿಗಾರಿಗೆ ಹೊಂದುವುದಿಲ್ಲ. ದಕ್ಷಿಣ ಭಾರತದಲ್ಲಿ ಸಿಗಾರಿಗೆಂದೇ ಎಲೆ ಬೆಳೆಯುವ ಹಳೆಯ ಸೀಮೆ ತಮಿಳುನಾಡಿನ ದಿಂಡಿಗಲ್. ಅಲ್ಲಿಯ ವೇದಸಂದೂರಿನಲ್ಲಿ ಸಿಗಾರ್ ಮತ್ತು ಚುಟ್ಟಾ ತಂಬಾಕಿಗೆಂದೇ ತೆರೆದ ಸಂಶೋಧನಾ ಕೇಂದ್ರವೂ ಇದೆ. ಇಂಗ್ಲಿಷಿನ ‘ಚಿರೂಟ್’ ಪದ ತಮಿಳಿನ ಸುರುಟ್ಟುವಿನಿಂದ ಹೋದದ್ದು. ನಮ್ಮ ಸುರುಳಿ, ಸುರುಟು ಎಂಬ ಮಾತುಗಳೂ ಅದೇ ಬಳ್ಳಿಯವು.

ಮನೆಯಲ್ಲಿ ಸುತ್ತುವ ಹವ್ಯಾಸ ಬೇರು ಬಿಟ್ಟಿರುವುದು ಅಮೆರಿಕದಲ್ಲಿ. ಅಲ್ಲಿ ಹುದುಗಿಸಿದ ಇಡೀ ಎಲೆ ಪೌಂಡ್ ಲೆಕ್ಕದಲ್ಲಿ, ಅರ್ಧ ಪೌಂಡ್ ಲೆಕ್ಕದಲ್ಲಿ ಸಿಗುತ್ತದೆ. ಅಲ್ಲಿರುವ ಕನ್ನಡಿಗರಿಗೆ ಇದು ಸುಲಭ. ಭಾರತಕ್ಕೆ ತರಿಸುವವರು ಕಸ್ಟಮ್ಸ್ ಮತ್ತು ಸಸ್ಯ ಕ್ವಾರಂಟೈನ್ ನಿಯಮಗಳನ್ನು ಮೊದಲು ವಿಚಾರಿಸಿಕೊಳ್ಳಬೇಕು. ಸುತ್ತಿದ್ದನ್ನು ಮಾರುವ ಯೋಚನೆ ಬೇಡ, ಅದಕ್ಕೆ ಪರವಾನಗಿ, ತೆರಿಗೆ, ಎಚ್ಚರಿಕೆ ಚಿತ್ರ ಎಲ್ಲವೂ ಬರುತ್ತದೆ.

ಗಿಡದ ಯಾವ ಎತ್ತರದಿಂದ ಕಿತ್ತ ಎಲೆ ಎಂಬುದರ ಮೇಲೆ ಅದರ ಗುಣ ನಿಂತಿದೆ. ಬುಡದ ಎಲೆ ವೊಲಾಡೋ: ತೆಳು, ರುಚಿ ಕಡಿಮೆ, ಚೆನ್ನಾಗಿ ಉರಿಯುತ್ತದೆ. ಅದರ ಮೇಲಿನದ್ದು ಸೆಕೋ, ಪರಿಮಳ ಬರುವುದು ಇದರಿಂದ. ನಿಕರಾಗುವಾ, ಡೊಮಿನಿಕನ್ ಕಡೆ ಅದಕ್ಕೂ ಮೇಲೆ ವೀಸೋ ಎಂದು ಇನ್ನೊಂದು ಹಂತ ಎಣಿಸುತ್ತಾರೆ. ತುದಿಯ ಎಲೆ ಲಿಗೆರೋ: ಬಿಸಿಲು ಹೆಚ್ಚು ಕುಡಿದದ್ದು, ದಪ್ಪ, ಎಣ್ಣೆಯಂಶ, ನಿಕೋಟಿನ್ ಎರಡೂ ಹೆಚ್ಚು, ನಿಧಾನವಾಗಿ ಉರಿಯುತ್ತದೆ. ಮೊದಲ ಖರೀದಿಗೆ ಡೊಮಿನಿಕನ್ ಓಲೋರ್ ವೊಲಾಡೋ ಅರ್ಧ ಪೌಂಡ್, ನಿಕರಾಗುವಾದ ಕ್ರಿಯೋಲ್ಲೋ 98 ಸೆಕೋ ಒಂದು ಪೌಂಡ್, ಪಿಲೋಟೋ ಕ್ಯೂಬಾನೋ ಲಿಗೆರೋ ಅರ್ಧ ಪೌಂಡ್ ಸಾಕು (ಓಲೋರ್, ಕ್ರಿಯೋಲ್ಲೋ 98, ಪಿಲೋಟೋ ಕ್ಯೂಬಾನೋ ಎಂಬುವು ತಳಿಯ ಹೆಸರು). ಬೈಂಡರಿಗೆ ಇಂಡೋನೇಷ್ಯಾದ ಬೆಸುಕಿ, ರ‍್ಯಾಪರಿಗೆ ಈಕ್ವೆಡಾರಿನ ಹಬಾನೋ ಅಥವಾ ಸುಮಾತ್ರಾ. ಕನೆಕ್ಟಿಕಟ್ ಶೇಡ್ ರ‍್ಯಾಪರ್ ಚಂದವೇ, ಆದರೆ ಈರುಳ್ಳಿ ಸಿಪ್ಪೆಯಷ್ಟು ತೆಳು, ಹೊಸಬರ ಕೈಯಲ್ಲಿ ಉಳಿಯುವುದಿಲ್ಲ. ನಡುದಂಟಿನ ತೂಕವೇ ಎಲೆಯ ಸುಮಾರು ಕಾಲು ಭಾಗ ಎಂಬುದು ನೆನಪಿರಲಿ. 454 ಗ್ರಾಮಿನ ಒಂದು ಪೌಂಡ್ ಎಲೆಯಲ್ಲಿ ಕೈಗೆ ದಕ್ಕುವುದು 340 ಗ್ರಾಂ ಹತ್ತಿರ.

ಹದ ಮಾಡುವುದು

ಎಲೆ ಮನೆಗೆ ಬಂದಾಗ ಗರಿಗರಿ ಹಪ್ಪಳದಂತಿರುತ್ತದೆ. ಆಗ ಎಲೆಯ ಮಡಿಕೆ ಬಿಡಿಸಲು ಹೋಗಬೇಡಿ, ಅರ್ಧ ಎಲೆ ನೆಲದ ಪಾಲಾಗುತ್ತದೆ. ಬೇಕಾದಷ್ಟು ಎಲೆ ಮೆಲ್ಲಗೆ ಬೇರ್ಪಡಿಸಿ, 100 ಗ್ರಾಂ ಎಲೆಗೆ 10ರಿಂದ 12 ಮಿಲಿಲೀಟರ್ ನೀರಿನ ಲೆಕ್ಕದಲ್ಲಿ, ಮಂಜಿನಂತೆ ಬೀಳುವ ಸ್ಪ್ರೇ ಬಾಟಲಿಯಿಂದ ಸಿಂಪಡಿಸಿ. ಡಿಸ್ಟಿಲ್ಡ್ ನೀರು ಬಳಸಿ. ಬೋರ್‌ವೆಲ್ ನೀರಿನ ಉಪ್ಪು ರ‍್ಯಾಪರ್ ಮೇಲೆ ಬಿಳಿ ಕಲೆ ಬಿಡುತ್ತದೆ. ಸಿಂಪಡಿಸಿದ ಎಲೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಒಂದು ರಾತ್ರಿ ಬಿಡಿ. ಹೊರಗಿನ ನೀರು ಎಲೆಯ ಒಳಗೆಲ್ಲ ಸಮನಾಗಿ ಹರಡಲು ಅಷ್ಟು ಹೊತ್ತು ಬೇಕು. ಆತುರಕ್ಕೆ ಹೆಚ್ಚು ನೀರು ಹೊಡೆದರೆ ಹೊರಗೆ ಪಿಚಿಪಿಚಿ, ದಂಟಿನ ಹತ್ತಿರ ಒಣಕಲು.

ಕರಾವಳಿಯಲ್ಲಿ ಬೀಡಿ ಕಟ್ಟುವ ಹೆಂಗಸರು ಎಲೆ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಮೆತ್ತಗಾದ ಮೇಲೆಯೇ ಕತ್ತರಿ ಹಿಡಿಯುವುದು ಇದೇ ಕಾರಣಕ್ಕೆ. ಆ ಕೆಲಸ ಹತ್ತಿರದಿಂದ ನೋಡಿದವರಿಗೆ ಇಲ್ಲಿ ಹೇಳುವ ಅರ್ಧ ಮಾತು ಹೇಳಿಕೊಡಬೇಕಾಗಿಯೇ ಇಲ್ಲ.

ಬೆಳಿಗ್ಗೆ ಎಲೆ ಬಟ್ಟೆಯಂತೆ ಮೆತ್ತಗಾಗಿರುತ್ತದೆ. ಈಗ ದಂಟು ಬಿಡಿಸಬೇಕು. ಫಿಲ್ಲರ್ ಎಲೆಯ ತುದಿಯಿಂದ ನಾಲ್ಕು ಬೆರಳು ಬಿಟ್ಟು, ನಡುದಂಟನ್ನು ಉಗುರಿನಿಂದ ಚಿವುಟಿ ಎತ್ತಿ, ತೊಟ್ಟಿನ ಕಡೆಗೆ ಎಳೆಯಿರಿ. ಮುಕ್ಕಾಲು ಭಾಗ ದಂಟು ಹೋಗಿ, ತುದಿಯಲ್ಲಿ ಎರಡೂ ಹೋಳು ಕೂಡಿಕೊಂಡೇ ಉಳಿಯುತ್ತವೆ. ನೋಡಲು ಕಪ್ಪೆಯ ಎರಡು ಕಾಲಿನಂತೆ. ಬೈಂಡರ್, ರ‍್ಯಾಪರ್ ಎಲೆಗಳಿಗೆ ದಂಟು ಪೂರ್ತಿ ತೆಗೆದು, ಎಡ ಹೋಳು ಒಂದು ಕಡೆ, ಬಲ ಹೋಳು ಇನ್ನೊಂದು ಕಡೆ ಜೋಡಿಸಿಡಿ. ಇದನ್ನು ಕಲೆಸಿಬಿಟ್ಟರೆ ಮುಂದೆ ಸುತ್ತುವಾಗ ಕಷ್ಟ, ಏಕೆಂದರೆ ಎಡ ಹೋಳು ಒಂದು ದಿಕ್ಕಿಗೆ ಸುತ್ತಿದರೆ ಬಲ ಹೋಳು ಅದರ ಎದುರು ದಿಕ್ಕಿಗೆ.

ದಂಟು ಬಿಡಿಸಲು ಬೇಕಾದ ತೇವ ಸುತ್ತಲು ಹೆಚ್ಚಾಯಿತು. ಹೆಚ್ಚಿನವರು ಎಡವುವುದು ಇಲ್ಲಿ. ಫಿಲ್ಲರನ್ನು ಪತ್ರಿಕೆಯ ಮೇಲೆ ಹರಡಿ, ಫ್ಯಾನ್ ಹಾಕದೆ, ಅರ್ಧದಿಂದ ಒಂದು ಗಂಟೆ ಬಿಡಿ. ದಂಟು ತೆಗೆದ ಕೂಡಲೇ ಒಮ್ಮೆ ತೂಗಿದ್ದರೆ, ಆ ತೂಕದ ಶೇಕಡಾ 6ರಷ್ಟು ಇಳಿದಾಗ ಫಿಲ್ಲರ್ ಹದಕ್ಕೆ ಬಂತು ಎಂದು ಲೆಕ್ಕ. ಕೈಯ ಲೆಕ್ಕ ಹೀಗೆ: ಎಲೆಯನ್ನು ಮುಷ್ಟಿಯಲ್ಲಿ ಮೆಲ್ಲಗೆ ಹಿಡಿದಾಗ ಸರಸರ ಎನ್ನಬೇಕು, ಮುರಿಯಬಾರದು, ಮುಷ್ಟಿ ಬಿಟ್ಟಾಗ ನಿಧಾನವಾಗಿ ತಾನೇ ಅರಳಬೇಕು. ಮುದುಡಿದ್ದು ಮುದುಡಿದಂತೆಯೇ ಉಳಿದರೆ ಇನ್ನೂ ಒದ್ದೆ. ಬೈಂಡರ್ ಸದ್ದು ಮಾಡಬಾರದು, ಬೆರಳಿಗೆ ಸುತ್ತಿದರೆ ಬಿರಿಯಬಾರದು. ರ‍್ಯಾಪರ್ ಎಲ್ಲಕ್ಕಿಂತ ಮೆತ್ತಗೆ: ಕೆಂಡದ ಮೇಲೆ ಬಾಡಿಸಿದ ಬಾಳೆಎಲೆ ಹೇಗೆ ಮಡಚಿದರೂ ಸೀಳುವುದಿಲ್ಲವೋ ಹಾಗೆ. ಎರಡು ಬೆರಳಲ್ಲಿ ಎಳೆದರೆ ತುಸು ಹಿಗ್ಗಿ, ಹಿಗ್ಗಿದಲ್ಲೇ ನಿಲ್ಲಬೇಕು.

ಮೂರು ಹದ ಏಕೆ ಎಂದರೆ, ಎಲೆ ಒಣಗಿದಾಗ ಕುಗ್ಗುತ್ತದೆ, ತೇವ ಹೀರಿದಾಗ ಹಿಗ್ಗುತ್ತದೆ. ಒಳಗಿನದ್ದು ಒಣಗಿದ್ದು, ಹೊರಗಿನದ್ದು ಮೆತ್ತಗಿದ್ದರೆ, ರ‍್ಯಾಪರ್ ಒಣಗುತ್ತ ಕುಗ್ಗಿ ಒಳಗಿನದ್ದನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಒಳಗಿನದ್ದು ಹಸಿಯಿದ್ದರೆ ಮೂರು ವಾರದ ಬಳಿಕ ಅದು ಕುಗ್ಗಿ ರ‍್ಯಾಪರ್ ಸುಕ್ಕುಗಟ್ಟುತ್ತದೆ, ಸಿಗಾರ್ ಒತ್ತಿದರೆ ಟೊಳ್ಳು. ಒಳಗಿನದ್ದು ತೀರ ಒಣಗಿದ್ದರೆ, ಪೆಟ್ಟಿಗೆಯಲ್ಲಿ ತೇವ ಹೀರಿ ಉಬ್ಬಿ ರ‍್ಯಾಪರನ್ನು ಸೀಳುತ್ತದೆ.

ಹದ ಮಾಡಿದ ಎಲೆಯನ್ನು ಅಂದೇ ಬಳಸಿ. ಎರಡು ಮೂರು ದಿನ ಚೀಲದಲ್ಲಿ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಕಂಡ ಎಲೆಯನ್ನು ಒರೆಸಿ ಬಳಸಬೇಡಿ, ಎಸೆಯಿರಿ. ಮಿಕ್ಕಿದ ಎಲೆಯನ್ನು ಮತ್ತೆ ಗರಿಗರಿಯಾಗಿ ಒಣಗಿಸಿ ಎತ್ತಿಡಬಹುದು.

ಕಟ್ಟು ಕಟ್ಟುವುದು

ತೂಗಿಟ್ಟ 9.5 ಗ್ರಾಂ ಫಿಲ್ಲರ್ ಎದುರಿಗಿದೆ. ಎಲ್ಲ ಎಲೆಯ ತುದಿಗಳೂ ಕಾಲಿನ ಕಡೆಗಿರಬೇಕು. ಎಲೆಯ ತುದಿ ತೆಳು, ಸೌಮ್ಯ, ನರ ಸಣ್ಣದು. ಅದು ಮೊದಲು ಉರಿದರೆ ಶುರು ಹಿತವಾಗಿರುತ್ತದೆ. ಮೊದಲ ಸೆಕೋ ಎಲೆಯನ್ನು ಉದ್ದಕ್ಕೆ, ಸೀರೆಯ ನೆರಿಗೆ ಹಿಡಿದಂತೆ, ಸಡಿಲವಾಗಿ ಮಡಚಿ ಎಡಗೈ ಅಂಗೈಯಲ್ಲಿ ಹಿಡಿಯಿರಿ. ಅದರ ಪಕ್ಕಕ್ಕೆ ಇನ್ನೊಂದು, ಆಮೇಲೆ ನಡುವೆ ಲಿಗೆರೋ, ಅದರ ಸುತ್ತ ಮತ್ತೆ ಸೆಕೋ, ಹೊರಮೈಗೆ ವೊಲಾಡೋ. ಪ್ರತಿ ನೆರಿಗೆಯ ನಡುವೆ ತಲೆಯಿಂದ ಕಾಲಿನವರೆಗೆ ಗಾಳಿಗೆ ಒಂದು ಸಂದು ಉಳಿಯಬೇಕು. ಒಂದೊಂದು ಎಲೆಯನ್ನೂ ಪುಟ್ಟ ನಳಿಗೆಯಂತೆ ಸುರುಳಿ ಸುತ್ತಿ ಜೋಡಿಸುವ ಎಂತುಬಾದೋ ಪದ್ಧತಿ ಇದಕ್ಕಿಂತ ಮೇಲು, ಆದರೆ ಎರಡರಷ್ಟು ಹೊತ್ತು ಬೇಡುತ್ತದೆ. ಎಲ್ಲ ಎಲೆ ಒಂದರ ಮೇಲೊಂದಿಟ್ಟು ಪುಸ್ತಕದಂತೆ ಮಡಚುವ ಪದ್ಧತಿಯೂ ಇದೆ. ಬೇಗ ಆಗುತ್ತದೆ, ಆದರೆ ಒಂದು ಮಗ್ಗುಲು ಬಿಗಿ ಇನ್ನೊಂದು ಮಗ್ಗುಲು ಸಡಿಲವಾಗಿ ಒಂದೇ ಕಡೆ ಉರಿಯುವುದು ಹೆಚ್ಚು. ನಾನು ಅದನ್ನು ಯಾರಿಗೂ ಹೇಳಿಕೊಡುವುದಿಲ್ಲ.

ಲಿಗೆರೋ ನಡುವೆಯೇ ಇರಬೇಕೆಂದು ಪಟ್ಟು ಹಿಡಿಯುವುದಕ್ಕೂ ಕಾರಣವಿದೆ. ಅದು ನಿಧಾನಕ್ಕೆ ಉರಿಯುವುದರಿಂದ ನಟ್ಟನಡುವೆ ಇದ್ದರೆ ಕೆಂಡ ಗೋಪುರದ ಆಕಾರ ತಾಳಿ ಸುತ್ತಲೂ ಸಮನಾಗಿ ಇಳಿಯುತ್ತದೆ. ಒಂದು ಮಗ್ಗುಲಿಗೆ ಸರಿದಿದ್ದರೆ ಆ ಮಗ್ಗುಲು ಹಿಂದೆ ಬಿದ್ದು, ಇನ್ನೊಂದು ಮಗ್ಗುಲು ದೋಣಿಯಂತೆ ಕೊರೆದುಕೊಂಡು ಹೋಗುತ್ತದೆ.

ತಲೆಯ ಕಡೆ ಉದ್ದ ಹೆಚ್ಚಾದ ಎಲೆಯನ್ನು ಮುರಿದು, ಆ ಚೂರನ್ನು ಕಾಲಿನ ಅರ್ಧದಲ್ಲಿ, ನಡುವಿಗೆ ಸೇರಿಸಿ. ತಲೆಯಲ್ಲಿ ಚೂರು ಗುಂಪಾದರೆ ಅದೇ ಬಿರಡೆ. ಹೆಬ್ಬೆರಳಿಂದ ಉದ್ದಕ್ಕೂ ಒತ್ತಿ ನೋಡಿ. ಮೆತ್ತಗಿರುವ ಜಾಗಕ್ಕೆ ಒಂದು ತುಂಡು ಸೇರಿಸಿ, ಗಂಟಿರುವ ಜಾಗದಿಂದ ತೆಗೆಯಿರಿ. ಇನ್ನು ಬಹು ಮುಖ್ಯವಾದ ಮಾತು: ಬತ್ತಿ ಹೊಸೆದಂತೆ ಹೊಸೆಯಬಾರದು. ಹಲಗೆಯ ಮೇಲೆ ಉರುಳಿಸುವಾಗ ಎರಡೂ ಕೈ ಒಂದೇ ವೇಗದಲ್ಲಿ ಹೋಗದಿದ್ದರೆ ಒಳಗಿನ ಎಲೆಗಳು ಹಗ್ಗದಂತೆ ತಿರುಚಿಕೊಳ್ಳುತ್ತವೆ, ಆಮೇಲೆ ಎಷ್ಟು ಎಳೆದರೂ ಹೊಗೆ ಬಾರದು.

ಬೈಂಡರ್ ಹೋಳನ್ನು ನರದ ಮೈ ಮೇಲಾಗಿ ಹಾಸಿ, ಕಟ್ಟನ್ನು ಅದರ ಮೇಲೆ 45 ಡಿಗ್ರಿ ಓರೆಯಾಗಿಟ್ಟು, ಕಾಲಿನಿಂದ ತಲೆಗೆ ಸುತ್ತುತ್ತ ಹೋಗಿ. ಕೊನೆಗೆ ಒಂದು ಹನಿ ಗೋಂದು. ಗೋಂದಿಗೆ ಟ್ರಾಗಕ್ಯಾಂತ್ ಎಂಬ ಗಿಡದ ಅಂಟಿನ ಪುಡಿ 1 ಗ್ರಾಂ, ನೀರು 50 ಮಿಲಿಲೀಟರ್, ರಾತ್ರಿಯಿಡೀ ನೆನೆದರೆ ಗಂಜಿಯಂತಾಗುತ್ತದೆ. ರುಚಿ, ಬಣ್ಣ ಎರಡೂ ಇಲ್ಲ. ಜಾಮ್ ಮಾಡುವ ಪೆಕ್ಟಿನ್ ಕೂಡ ಆಗುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಒಂದು ವಾರ, ಹುಳಿ ವಾಸನೆ ಬಂದರೆ ಚೆಲ್ಲಿ.

ಕಟ್ಟನ್ನು ಅಚ್ಚಿನಲ್ಲಿಟ್ಟು ಒತ್ತಬೇಕು. ಮರದ ಅಥವಾ ಪ್ಲಾಸ್ಟಿಕ್ಕಿನ ಹತ್ತು ಗುಳಿಯ ಅಚ್ಚು ಸಿಗುತ್ತದೆ. 30 ನಿಮಿಷ ಒತ್ತಿ, ತೆಗೆದು, ಕಾಲು ಸುತ್ತು ತಿರುಗಿಸಿ ಮತ್ತೆ 30 ನಿಮಿಷ. ತಿರುಗಿಸದಿದ್ದರೆ ಅಚ್ಚಿನ ಎರಡು ಹೋಳು ಕೂಡುವಲ್ಲಿ ಏಣು ಉಳಿಯುತ್ತದೆ. ಅಚ್ಚಿಲ್ಲದವರು ಬೆಣ್ಣೆಕಾಗದದ ಪಟ್ಟಿಯಲ್ಲಿ ಬಿಗಿಯಾಗಿ ಸುತ್ತಿ ಒಂದು ಗಂಟೆ ಬಿಡಬಹುದು.

ಅಚ್ಚಿನಿಂದ ತೆಗೆದ ಕಟ್ಟನ್ನು ರ‍್ಯಾಪರ್ ಸುತ್ತುವ ಮುಂಚೆ ಬಾಯಲ್ಲಿಟ್ಟು, ಬೆಂಕಿ ಇಲ್ಲದೆ, ಎಳೆದು ನೋಡಿ. ದಪ್ಪ ಮಿಲ್ಕ್‌ಶೇಕನ್ನು ಸ್ಟ್ರಾದಲ್ಲಿ ಎಳೆದಂತಾದರೆ ಬಿಗಿ, ಖಾಲಿ ಸ್ಟ್ರಾದಂತಾದರೆ ಸಡಿಲ. ಬಿಗಿಯಿದ್ದರೆ ಬೈಂಡರ್ ಬಿಚ್ಚಿ ಮತ್ತೆ ಕಟ್ಟಿ, ನಷ್ಟ ಹತ್ತು ನಿಮಿಷ. 1990ರ ದಶಕದ ಕೊನೆಯಲ್ಲಿ ಕ್ಯೂಬಾದಲ್ಲಿ ಉತ್ಪಾದನೆ ಒಮ್ಮೆಲೇ ಏರಿಸಿದಾಗ ಹೊಗೆ ಎಳೆಯಲಾಗದ ಸಿಗಾರುಗಳು ಹೇರಳವಾಗಿ ಹೊರಬಂದವು. ಆಮೇಲೆ ಅಲ್ಲಿಯ ಕಾರ್ಖಾನೆಗಳು ಎಳೆತ ಅಳೆಯುವ ಯಂತ್ರ ತಂದು, ಈ ಹಂತದಲ್ಲೇ ಕಟ್ಟನ್ನು ಪರೀಕ್ಷಿಸತೊಡಗಿದವು. ಯಂತ್ರ ಮಾಡುವ ಕೆಲಸವನ್ನು ಮನೆಯಲ್ಲಿ ನಮ್ಮ ಬಾಯಿ ಮಾಡಬಲ್ಲದು.

ರ‍್ಯಾಪರ್, ಟೋಪಿ

ಹಲಗೆಯ ಮೇಲೆ ರ‍್ಯಾಪರ್ ಹೋಳನ್ನು ನುಣುಪು ಮೈ ಕೆಳಗೆ, ನರದ ಮೈ ಮೇಲೆ ಬರುವಂತೆ ಹಾಸಿ. ಅಂಗೈಯಿಂದ ಮೆಲ್ಲಗೆ ಸವರಿದರೆ ಸುಕ್ಕು ಬಿಡುತ್ತದೆ, ಎಲೆ ಹಲಗೆಗೆ ತಾನೇ ಅಂಟಿಕೊಳ್ಳುತ್ತದೆ. ಹಾಗೆ ಅಂಟಿಕೊಂಡರೆ ಹದ ಸರಿ ಇದೆ ಎಂದೇ ಅರ್ಥ. ದಂಟಿನ ಕಡೆಯ ಒರಟು ನರಗಳನ್ನು ಬಿಟ್ಟು, ಹೊರ ಅಂಚಿನ ಅರ್ಧ ಸೆಂಟಿಮೀಟರ್ ತೆಗೆದು, ನಡುವೆ 4-5 ಸೆಂಟಿಮೀಟರ್ ಅಗಲದ ಬಾಗಿದ ಪಟ್ಟಿ ಬರುವಂತೆ ಕತ್ತರಿಸಿ. ಕ್ಯೂಬಾದವರು ಚವೇತಾ ಎಂಬ ಅರ್ಧಚಂದ್ರದ ಹಿಡಿಯಿಲ್ಲದ ಕತ್ತಿ ಬಳಸುತ್ತಾರೆ. ಮನೆಯಲ್ಲಿ ಪಿಜ್ಜಾ ಕತ್ತರಿಸುವ ಚಕ್ರ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಚಾಕು ಎಳೆದರೆ ಎಲೆ ಹರಿಯುತ್ತದೆ, ಚಕ್ರ ಉರುಳುವುದರಿಂದ ಹರಿಯುವುದಿಲ್ಲ.

ಎಲೆಯ ತುದಿ ಸಿಗಾರಿನ ಕಾಲಿಗೆ ಬರಬೇಕು. ಕಟ್ಟನ್ನು ಪಟ್ಟಿಯ ಮೇಲೆ ಓರೆಯಾಗಿಟ್ಟು ಕಾಲಿನಿಂದ ಶುರು ಮಾಡಿ. ಬಲಗೈ ಕಟ್ಟನ್ನು ಉರುಳಿಸುತ್ತಿರುವಾಗ ಎಡಗೈ ಬೆರಳುಗಳು ಎಲೆಯನ್ನು ಹಿಂದಕ್ಕೆ ತುಸುವೇ ಜಗ್ಗುತ್ತಿರಬೇಕು, ಒಂದು ಸುತ್ತು ಇನ್ನೊಂದರ ಮೇಲೆ ಮೂರನೇ ಒಂದು ಭಾಗ ಹತ್ತಬೇಕು. ನರಗಳು ಸಿಗಾರಿನ ಉದ್ದಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಬಿದ್ದರೆ ಓರೆ ಸರಿ ಇದೆ. ಅಡ್ಡಡ್ಡ ಬಿದ್ದರೆ ಹೋಳು ಎಡಬಲ ಅದಲುಬದಲಾಗಿದೆ. ಸಣ್ಣ ಹರಕು ಬಂದರೆ ಗಾಬರಿ ಬೇಡ, ಉಗುರಿನಷ್ಟು ರ‍್ಯಾಪರ್ ತುಂಡಿಗೆ ಗೋಂದು ಸವರಿ ಅದೇ ಓರೆಯಲ್ಲಿ ಅಂಟಿಸಿದರೆ ಒಣಗಿದ ಮೇಲೆ ಕಾಣುವುದಿಲ್ಲ.

ತಲೆಗೆ ಬಂದಾಗ ಪಟ್ಟಿಯ ಕೊನೆಯನ್ನು ನಾಲಗೆಯ ಆಕಾರಕ್ಕೆ ಕತ್ತರಿಸಿ, ತೆಳುವಾಗಿ ಗೋಂದು ಸವರಿ, ಗುಂಡಗೆ ಸುತ್ತಿ ಮುಚ್ಚಿ. ಅದರ ಮೇಲೆ ಮಿಕ್ಕ ರ‍್ಯಾಪರಿನಿಂದ 22-25 ಮಿಲಿಮೀಟರಿನ ಬಿಲ್ಲೆ ಕತ್ತರಿಸಿ ಟೋಪಿಯಂತೆ ಅಂಟಿಸಿ. ಗೋಂದು ಹೆಚ್ಚಾದರೆ ಹೊಳೆಯುವ ಕಲೆ ಉಳಿಯುತ್ತದೆ, ತುಟಿಗೂ ಅಂಟುತ್ತದೆ.

ಒಣಗಿಸುವುದು, ಇಡುವುದು

ಸುತ್ತಿದ ಸಿಗಾರನ್ನು ಎರಡು ಮೂರು ದಿನ ತೆರೆದಿಟ್ಟು, ಆಮೇಲೆ ಒಳಗಿನ ಗಾಳಿಯ ತೇವಾಂಶ ಶೇಕಡಾ 65 ಇರುವ ಡಬ್ಬಿಗೆ ಸೇರಿಸಿ ಕನಿಷ್ಠ ನಾಲ್ಕು ವಾರ ಬಿಡಿ. ನಡುವೆ ಡಬ್ಬಿ ತೆಗೆದರೆ ಮೂಗಿಗೆ ಅಮೋನಿಯಾ ಚುರುಗುಟ್ಟುವುದುಂಟು. ಒದ್ದೆಯಾದಾಗ ಎಲೆಯಲ್ಲಿ ಹುದುಗು ಮತ್ತೆ ಕೆರಳಿದ್ದರಿಂದ ಹೀಗಾಗುತ್ತದೆ, ಆ ವಾಸನೆ ಹೋಗುವವರೆಗೆ ಸೇದಿ ರುಚಿ ತೀರ್ಮಾನಿಸಬೇಡಿ. ಮಂಗಳೂರಿನ ಮಳೆಗಾಲದಲ್ಲಿ ತೆರೆದಿಟ್ಟರೆ ಸಿಗಾರ್ ಒಣಗುವ ಬದಲು ಇನ್ನೂ ನೆನೆಯುತ್ತದೆ, ಅಲ್ಲಿ ನೇರ ಡಬ್ಬಿಗೇ ಹಾಕಬೇಕು. ಶಿಕಾಗೋದ ಚಳಿಗಾಲದಲ್ಲಿ ಹೀಟರ್ ಓಡುವ ಮನೆಯ ತೇವಾಂಶ 20-30ಕ್ಕೆ ಇಳಿದಿರುತ್ತದೆ, ಅಲ್ಲಿ ಒಂದು ಇರುಳಿನಲ್ಲಿ ರ‍್ಯಾಪರ್ ಬಿರಿಯುತ್ತದೆ.

ಡಬ್ಬಿಯ ತೇವಾಂಶ ಅಳೆಯುವ ಹೈಗ್ರೋಮೀಟರನ್ನು ಹಾಗೇ ನಂಬಬೇಡಿ. ಬಾಟಲಿಯ ಮುಚ್ಚಳದಲ್ಲಿ ಒಂದು ಚಮಚ ಅಡುಗೆ ಉಪ್ಪು ಹಾಕಿ, ಕರಗದಂತೆ ಕೆಲವೇ ಹನಿ ನೀರು ಸೇರಿಸಿ ಕೆಸರಿನಂತೆ ಮಾಡಿ, ಮೀಟರಿನ ಜೊತೆ ಜಿಪ್ ಚೀಲದಲ್ಲಿ ಮುಚ್ಚಿ 12 ಗಂಟೆ ಬಿಡಿ. ಒಳಗಿನ ತೇವಾಂಶ 75ಕ್ಕೆ ಬಂದು ನಿಲ್ಲುತ್ತದೆ. ಮೀಟರ್ 71 ತೋರಿಸಿದರೆ ಅದು 4 ಕಡಿಮೆ ಹೇಳುತ್ತಿದೆ ಎಂದು ಅದರ ಮೇಲೆಯೇ ಬರೆದಿಡಿ.

ಪೆಟ್ಟಿಗೆಗೆ ಒಳಪದರವಾಗಿ ಬಳಸುವ ಸ್ಪ್ಯಾನಿಷ್ ಸೀಡರ್ ಹೆಸರಿಗಷ್ಟೇ ಸೀಡರ್, ಅದು ಬೇವಿನ ಕುಟುಂಬದ ಮರ. ನಮ್ಮ ಮಲೆನಾಡಿನ ಗಂಧಗರಿಗೆ ಅದರ ಹತ್ತಿರದ ನೆಂಟ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಆ ಮರದ ಒಂದು ತೆಳು ಹಲಗೆ, ತೇವಾಂಶವನ್ನು 65ರಲ್ಲೇ ಹಿಡಿದಿಡುವ ಪೊಟ್ಟಣ ಇಟ್ಟರೂ ನಡೆಯುತ್ತದೆ.

ತಂಬಾಕು ಜೀರುಂಡೆಯ ಮೊಟ್ಟೆ ಎಲೆಯಲ್ಲೇ ಬಂದಿರಬಹುದು. ಕೋಣೆಯ ಬಿಸಿ 24-25 ಡಿಗ್ರಿ ದಾಟಿದರೆ ಮರಿ ಹೊರಬಂದು, ರ‍್ಯಾಪರಿನಲ್ಲಿ ಗುಂಡುಸೂಜಿಯ ತಲೆಯಷ್ಟು ರಂಧ್ರ ಕೊರೆಯುತ್ತದೆ. ನಮ್ಮೂರುಗಳಲ್ಲಿ ವರ್ಷದ ಬಹುಪಾಲು ಅಷ್ಟು ಸೆಕೆ ಇದ್ದೇ ಇರುತ್ತದೆ. ಎಲೆ ಬಂದ ಕೂಡಲೇ, ಒಣಗಿರುವಾಗಲೇ, ಎರಡು ಚೀಲದಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿ ಒಂದು ದಿನ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಒಂದು ವಾರ, ಮತ್ತೆ ಫ್ರಿಜ್ಜಿನಲ್ಲಿ ಒಂದು ದಿನ ಇಟ್ಟು ಹೊರತೆಗೆಯಿರಿ. ಒಮ್ಮೆಲೇ ಹೊರಗೆ ತಂದರೆ ನೀರು ಕೂಡಿ ಎಲೆ ಕಲೆಗಟ್ಟುತ್ತದೆ.

ಮಿಶ್ರಣ

ಎರಡು ಮೂರು ಎಲೆ ಬೆರೆಸುವ ಮುಂಚೆ ಪ್ರತಿ ಎಲೆಯನ್ನೂ ಬೇರೆಬೇರೆಯಾಗಿ ಬೆರಳು ದಪ್ಪಕ್ಕೆ ಸುತ್ತಿ ಸೇದಿ ನೋಡಬೇಕು. ಒಂಟಿ ಎಲೆಯ ರುಚಿ ಗೊತ್ತಿಲ್ಲದೆ ಬೆರೆಸುವುದು ಕಣ್ಣು ಮುಚ್ಚಿ ಸಾರಿಗೆ ಖಾರ ಹಾಕಿದಂತೆ. ಹಾಗೆಯೇ ಒಂದು ಪಟ್ಟಿ ಎಲೆಗೆ ಕಿಡಿ ತಾಗಿಸಿ, ಊದದೆ, ಎಷ್ಟು ಹೊತ್ತು ಕೆಂಡ ಹರಿಯುತ್ತದೆ ನೋಡಿ. ಕಿಡಿ ಎರಡು ಮೂರು ಸೆಕೆಂಡಿಗೇ ಆರಿದರೆ ಆ ಎಲೆಯನ್ನು ಹೆಚ್ಚು ಬಳಸಬಾರದು. ಮಣ್ಣಿನಲ್ಲೋ ಗೊಬ್ಬರದಲ್ಲೋ ಕ್ಲೋರೈಡ್ ಹೆಚ್ಚಾದ ಎಲೆ ಹೀಗೆ ಆರುತ್ತದೆ, ಪೊಟ್ಯಾಸಿಯಂ ಚೆನ್ನಾಗಿರುವ ಎಲೆ ಹಿಡಿದ ಬೆಂಕಿ ಬಿಡುವುದಿಲ್ಲ.

ಮೊದಲ ಮಿಶ್ರಣಕ್ಕೆ ಸೆಕೋ 5 ಗ್ರಾಂ, ವೊಲಾಡೋ 2.5 ಗ್ರಾಂ, ಲಿಗೆರೋ 2 ಗ್ರಾಂ. ಸೌಮ್ಯ ಬೇಕೆಂದರೆ ಲಿಗೆರೋ ಬಿಟ್ಟು, ಸೆಕೋ 6, ವೊಲಾಡೋ 3.5. ಗಟ್ಟಿ ಬೇಕೆಂದರೆ ಲಿಗೆರೋ 3ರವರೆಗೆ ಹೋಗಬಹುದು, ಆಚೆಗೆ ಹೋದರೆ ಸಿಗಾರ್ ಪದೇ ಪದೇ ಆರುತ್ತದೆ. ಕನೆಕ್ಟಿಕಟ್ ಬ್ರಾಡ್‌ಲೀಫ್‌ನಂಥ ದಪ್ಪ, ಕಪ್ಪು ರ‍್ಯಾಪರ್ ಹಾಕುವುದಾದರೆ ಬೈಂಡರ್ ಚೆನ್ನಾಗಿ ಉರಿಯುವಂಥದ್ದೇ ಇರಲಿ. ಇಲ್ಲದಿದ್ದರೆ ಒಳಗಿನದ್ದು ಸುರಂಗದಂತೆ ಉರಿದು ಹೋಗಿ, ರ‍್ಯಾಪರ್ ಮಾತ್ರ ಕೊಳವೆಯಂತೆ ಉಳಿಯುತ್ತದೆ. ರ‍್ಯಾಪರ್ ಪೂರ್ತಿ ಒಣಗದೆ ಸೇದಿದರೂ ಇದೇ ಆಗುತ್ತದೆ, ಹಾಗಾಗಿ ಮಿಶ್ರಣವನ್ನು ದೂರುವ ಮುಂಚೆ ಇನ್ನೆರಡು ವಾರ ಕಾಯಿರಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಒಂದೊಂದು ಮಿಶ್ರಣದಲ್ಲೂ ಕನಿಷ್ಠ ಐದು ಸಿಗಾರ್ ಸುತ್ತಿ, ಸೊಂಟಕ್ಕೆ ಕಾಗದದ ಪಟ್ಟಿ ಕಟ್ಟಿ ನಂಬರ್ ಹಾಕಿ. ನೋಟ್‌ಬುಕ್ಕಿನಲ್ಲಿ ಗ್ರಾಂ ಲೆಕ್ಕ, ಸುತ್ತಿದ ದಿನ, ಅಂದಿನ ತೇವಾಂಶ ಬರೆಯಿರಿ. ಒಂದನ್ನು ನಾಲ್ಕನೇ ವಾರ, ಇನ್ನೊಂದನ್ನು ಎಂಟನೇ ವಾರ, ಮತ್ತೊಂದನ್ನು ಮೂರು ತಿಂಗಳಿಗೆ ತೆಗೆಯಿರಿ. ನಾಲ್ಕನೇ ವಾರ ಖಾರ ಅನ್ನಿಸಿದ್ದು ಮೂರು ತಿಂಗಳಿಗೆ ಹದವಾಗಿರುತ್ತದೆ, ಆಗ ಮಾತ್ರ ಲಿಗೆರೋ ಅರ್ಧ ಗ್ರಾಂ ಏರಿಸಬೇಕೋ ಇಳಿಸಬೇಕೋ ನೋಡಿ.